ನೀರುಗಳ್ಳ ಸಾಹುಕಾರನಿಗೆ ವಿಶ್ವಕೋಶದಲ್ಲಿ ಜಾಗ

ಜಗತ್ತಿನಲ್ಲಿ ಯಾವುದು ನೆನಪಿಡಲು ಯೋಗ್ಯ, ಯಾವುದು ಅಲ್ಲ ಎಂದು ತೀರ್ಮಾನಿಸುವ ಅಧಿಕಾರ ನನಗಿದೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ಉಪ್ಪಿಟ್ಟು ಆಗಬೇಕೋ ಮಂಡಾಳ ಒಗ್ಗರಣೆ ಆಗಬೇಕೋ ಎಂದು ತೀರ್ಮಾನಿಸುವ ಅಧಿಕಾರ ಮಾತ್ರ ಇಲ್ಲ. ಇವೆರಡರ ನಡುವೆ ಬದುಕುವವನಿಗೆ ಪೇಚಿನ ಪ್ರಸಂಗಗಳು ಹುಡುಕಿಕೊಂಡು ಬರುತ್ತವೆ. ನಾನು ಸಿಂಧನೂರಿನಲ್ಲೇ ಇರುವುದರಿಂದ ಅವುಗಳಿಗೆ ಹುಡುಕುವ ಕಷ್ಟವೂ ಇಲ್ಲ.

ಪುಕ್ಕಟೆ ಅಳಿಸುವವನು

ಹೊಟ್ಟೆಪಾಡಿಗೆ ನಾನು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುತ್ತೇನೆ. ಹೇಳುತ್ತೇನೆ ಅಷ್ಟೆ, ಕೇಳುವುದು ಬಿಡುವುದು ವಿದ್ಯಾರ್ಥಿಗಳ ಮೂಲಭೂತ ಹಕ್ಕು. ಉಳಿದ ಹೊತ್ತಿನಲ್ಲಿ ಅಂತರ್ಜಾಲದ ಒಂದು ಕನ್ನಡ ವಿಶ್ವಕೋಶಕ್ಕೆ ದುಡಿಯುತ್ತೇನೆ. ಅದರಲ್ಲಿ ಯಾರು ಬೇಕಾದರೂ ಯಾವುದರ ಬಗ್ಗೆ ಬೇಕಾದರೂ ಪುಟ ಬರೆಯಬಹುದು. ಬರೆದ ಪುಟ ಉಳಿಯಬೇಕೋ ಬೇಡವೋ ಎಂದು ನಮ್ಮಂಥ ಹಳಬರು ಕೂತು ಚರ್ಚಿಸುತ್ತೇವೆ. ಹಳಬರು ಎಂದರೆ ಮುಖ್ಯವಾಗಿ ಇಬ್ಬರು, ನಾನು ಮತ್ತು ಮಂಗಳೂರಿನ ಒಬ್ಬ ಗೆಳೆಯರು. ಅವರ ಮುಖವನ್ನು ನಾನು ಇಂದಿಗೂ ನೋಡಿಲ್ಲ.

ನಮ್ಮ ನಿಯಮ ಒಂದೇ. ಒಂದು ಸಂಗತಿಗೆ ವಿಶ್ವಕೋಶದಲ್ಲಿ ಜಾಗ ಸಿಗಬೇಕಾದರೆ, ಅದಕ್ಕೆ ಸಂಬಂಧವೇ ಇಲ್ಲದವರು ಅದರ ಬಗ್ಗೆ ಪತ್ರಿಕೆಯಲ್ಲೋ ಪುಸ್ತಕದಲ್ಲೋ ತಾವಾಗಿ ಬರೆದಿರಬೇಕು. ಅದಕ್ಕೆ ನಾವು ಆಧಾರ ಎನ್ನುತ್ತೇವೆ. ಆಧಾರ ಇಲ್ಲವೋ, ಪುಟ ಅಳಿಸು. ಈ ಕೆಲಸವನ್ನು ನಾನು ಎಷ್ಟು ಗಂಭೀರವಾಗಿ ಮಾಡುತ್ತೇನೆಂದರೆ, ಕಂಪ್ಯೂಟರ್ ಮುಂದೆ ಕೂರುವ ಮೊದಲು ಲುಂಗಿ ಬಿಟ್ಟು ಪ್ಯಾಂಟು ಹಾಕಿಕೊಳ್ಳುತ್ತೇನೆ.

ಒಮ್ಮೆ ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದ ನನ್ನ ಹೆಂಡತಿಯನ್ನು ಕೇಳಿದರು. "ಯಾವಾಗ ನೋಡಿದ್ರೂ ನಿಮ್ಮೋರು ಕಂಪ್ಯೂಟರ್ ಮುಂದ ಕುಂತಿರ್ತಾರಲ್ರಿ, ಏನ್ ಮಾಡ್ತಾರ?"

"ಮಂದಿ ಬರದಿದ್ದನ್ನ ಅಳಸ್ತಾರ್ರಿ."

"ಯವ್ವಾ. ಅದಕ್ಕ ಬ್ಯಾರೆ ಪಗಾರ ಕೊಡ್ತಾರೇನು?"

"ಇಲ್ರಿ," ಎಂದಳು ಹೆಂಡತಿ, ಸ್ವಲ್ಪ ಬೇಸರದಿಂದಲೇ. "ಪುಕ್ಕಟೆ ಅಳಸ್ತಾರ."

ಅಕ್ಕಿ ಚೀಲದ ಜೊತೆ ಬಂದ ನಾಟಕ

ಹೆಂಡತಿಯ ತವರು ಜವಳಗೇರಾ ಕಡೆಯ ಒಂದು ಹಳ್ಳಿ. ಅದು ಕಾಲುವೆ ನೀರಿನ ಭತ್ತದ ಸೀಮೆ, ಆದರೆ ಆ ಊರು ಇರುವುದು ಕಾಲುವೆಯ ಕೊನೆಗೆ. ಮೇಲಿನ ಊರಿನವರು ರಾತ್ರೋರಾತ್ರಿ ತೂಬು ಎತ್ತಿ ನೀರು ತಿರುಗಿಸಿಕೊಂಡರೆ ಕೊನೆಯವರಿಗೆ ಕಾಲುವೆಯ ತಳದ ಕಲ್ಲು ಮಾತ್ರ ಕಾಣುತ್ತದೆ. ಹೀಗಾಗಿ ಅಲ್ಲಿಯ ಜನಕ್ಕೆ ನೀರುಗಳ್ಳ ಎಂಬುದಕ್ಕಿಂತ ದೊಡ್ಡ ಬೈಗುಳ ಇಲ್ಲ.

ಹೆಂಡತಿಯ ತಮ್ಮನನ್ನು ನಮ್ಮ ಕಡೆ ಅಳಿಯ ಎನ್ನುತ್ತೇವೆ. ಈ ಅಳಿಯ ಪ್ರತಿ ವರ್ಷ ನಮ್ಮ ಮನೆಗೆ ಹೊಸ ಅಕ್ಕಿಯ ಚೀಲ ತಂದು ಹಾಕುತ್ತಾನೆ. ಭತ್ತದ ಕಮತ ಅವನ ಕಸುಬು, ನಾಟಕ ಅವನ ಹುಚ್ಚು. "ಕಾಲುವೆ ಕೊನೆಯ ಕಣ್ಣೀರು ಅರ್ಥಾತ್ ನೀರುಗಳ್ಳ ಸಾಹುಕಾರ" ಎಂಬ ನಾಟಕವನ್ನು ತಾನೇ ಬರೆದು, ತಾನೇ ಕಲಿಸಿ, ತಾನೇ ಹೀರೋ ಆಗಿ ಆಡುತ್ತಾನೆ. ಪ್ರತಿ ವರ್ಷ ಭತ್ತದ ಕೊಯ್ಲು ಮುಗಿದ ಮೇಲೆ ಊರಲ್ಲಿ ಅದೇ ನಾಟಕ. ಹೀರೋಯಿನ್‌ಳನ್ನು ಮಾತ್ರ ನಾಟಕ ಕಂಪನಿಯಿಂದ ಕರೆಸುತ್ತಾರೆ.

ಈ ಸಲ ಅಕ್ಕಿ ಇಳಿಸಿದವನು ಚಹಾ ಮುಟ್ಟದೆ ಕೂತ.

"ಮಾವ, ಊರ ಹುಡುಗರು ನಾಟಕ ಸಾಕು ಅಂತಾರ. ರಸಮಂಜರಿ ತರಸೂಣು, ಡೀಜೆ ಹಚ್ಚೂಣು ಅಂತಾರ. ಹಿರೇರು ಕುಂತು ಫೈಸಲಾ ಮಾಡ್ಯಾರ. ಮೊಬೈಲಿನ್ಯಾಗ ನಮ್ಮ ನಾಟಕದ ಹೆಸರು ಒತ್ತಿದ್ರ ನಿಮ್ಮ ವಿಶ್ವಕೋಶದಾಗ ಬರಬೇಕಂತ. ಬಂದ್ರ ಪ್ರತಿ ವರ್ಷಾ ನಾಟಕ. ಬರಲಿಲ್ಲಂದ್ರ ಈ ವರ್ಷದ್ದ ಕಡೀದು."

"ವಿಶ್ವಕೋಶದ ವಿಷಯ ಅವರಿಗೆ ಹೇಳಿದವರು ಯಾರು?"

"ನಾನ. ನಮ್ಮ ಮಾವ ಅದರಾಗ ದೊಡ್ಡ ಸಾಹೇಬ್ರು ಅಂದೆ."

ನಾನು ನಿಯಮ ವಿವರಿಸಿದೆ. ಸಂಬಂಧ ಇಲ್ಲದವರು ಬರೆದಿರಬೇಕು ಎಂದೆ. ಅವನು ಬಹಳ ಹೊತ್ತು ಯೋಚಿಸಿ ಕೇಳಿದ. "ಸಂಬಂಧ ಇಲ್ಲದವರು ನಮ್ಮ ನಾಟಕದ ಮ್ಯಾಲೆ ಯಾಕ ಬರೀತಾರ, ಮಾವ? ಅವರಿಗೇನು ಸಂಬಂಧ?"

ಆಮೇಲೆ ದನಿ ತಗ್ಗಿಸಿ ಹೇಳಿದ. "ನಾ ಕಲ್ತಿದ್ದು ಏಳನೇತ್ತ. ಹೊಲ ಅಪ್ಪ ಮಾಡಿದ್ದು, ಮನಿ ಅಜ್ಜ ಕಟ್ಟಿಸಿದ್ದು. ನಾ ಮಾಡೀನಿ ಅಂತ ಹೇಳಾಕ ಇರೋದು ಇದೊಂದ ನಾಟಕ."

ನನಗೆ ನಿಜವಾಗಿ ಸಂಕಟವಾಯಿತು. ಆದರೆ ಪ್ಯಾಂಟು ಹಾಕಿಕೊಂಡು ಕೂತಿದ್ದೆನಲ್ಲ, ನಿಯಮವೇ ಬಾಯಿಗೆ ಬಂತು. "ನೀನು ನನ್ನ ಸಂಬಂಧಿಕ. ನಿನ್ನ ನಾಟಕದ ವಿಷಯದಲ್ಲಿ ನಾನು ಯಾವ ಸಂಬಂಧವನ್ನೂ ಇಟ್ಟುಕೊಳ್ಳುವಂತಿಲ್ಲ."

ಅಡಿಗೆಮನೆಯಿಂದ ಹೆಂಡತಿಯ ದನಿ ಬಂತು. "ಹಂಗಾರ ಆ ಚೀಲ ವಾಪಸ್ ಟಂಟಂ ಗಾಡಿಗೆ ಹೇರಪಾ ತಮ್ಮ. ನಿಮ್ಮ ಮಾವಗ ಸಂಬಂಧ ಬ್ಯಾಡಂತ."

ಚೀಲ ಉಳಿಯಿತು. ನಿಯಮವೂ ಉಳಿಯಿತು. ಆ ರಾತ್ರಿ ಅನ್ನ ಮಾತ್ರ ಸ್ವಲ್ಪ ಹಸಿಬಿಸಿಯಾಗಿತ್ತು.

ಮಸ್ಕಿಯ ವಾರಪತ್ರಿಕೆ

ಪತ್ರಿಕೆಯಲ್ಲಿ ಬರಬೇಕು ಎಂದದ್ದನ್ನು ಅಳಿಯ ಗಟ್ಟಿಯಾಗಿ ಹಿಡಿದುಕೊಂಡ. ಮುಂದಿನ ವಾರ ಮಸ್ಕಿಗೆ ಹೋಗಿ ಬಂದ. ಅಲ್ಲಿ ಒಬ್ಬರು ಗೊಬ್ಬರದಂಗಡಿ ನಡೆಸುತ್ತ, ಬಿಡುವಾದಾಗ ಒಂದು ವಾರಪತ್ರಿಕೆಯನ್ನೂ ನಡೆಸುತ್ತಾರೆ. ಯೂರಿಯಾ ಬರುವ ವಾರ ಪತ್ರಿಕೆ ಬರುವುದಿಲ್ಲ.

ಅಳಿಯ ಪತ್ರಿಕೆಯನ್ನು ನನ್ನ ಮುಂದೆ ಹರವಿದ. ಪೂರ್ತಿ ಪುಟ. "ಕಲಾಲೋಕದ ಧ್ರುವತಾರೆ" ಎಂಬ ತಲೆಬರಹದ ಕೆಳಗೆ ಹಸಿರು ಟವಲು ಹೊದ್ದ ಅಳಿಯ ಆಕಾಶದ ಕಡೆ ಬೆರಳು ತೋರಿಸುತ್ತ ನಿಂತಿದ್ದ. ಸುತ್ತಲೂ ಶುಭ ಕೋರುವವರ ಫೋಟೋಗಳು. ಒಂದು ಸಾಲಿನಲ್ಲಿ ಯಾರೋ ದಪ್ಪ ಮೀಸೆಯವನು ಬಾಸಿಂಗ ಕಟ್ಟಿಕೊಂಡು ಬೆವರುತ್ತಿದ್ದ. ನೋಡಿದರೆ ಅದು ನಾನೇ. ನನ್ನ ಮದುವೆಯ ಫೋಟೋದಿಂದ ಹೆಂಡತಿಯನ್ನು ಕತ್ತರಿಸಿ ನನ್ನನ್ನು ಹಾಕಿದ್ದರು.

"ಇದು ಜಾಹೀರಾತು, ಅಳಿಯ. ಬರೆದವರಿಗೂ ನಾಟಕಕ್ಕೂ ಸಂಬಂಧ ಇದೆ."

"ಏನ್ ಸಂಬಂಧ? ಅವರು ಒಂದ್ಸಲಾನೂ ನಾಟಕ ನೋಡಿಲ್ಲ. ನಾ ಹೇಳಿದ್ದನ್ನ ಬರದಾರ, ಅಷ್ಟ."

ನನಗೆ ಕೋಪ ಬಂತು. ಪಾಠ ಹೇಳುವ ಧಾಟಿಯಲ್ಲಿ ಪುಟದ ಮೇಲೆ ಬೆರಳಾಡಿಸುತ್ತ ಹೋದೆ. ಇವರು ನಿಮ್ಮ ಕಾಕಾ, ಇವರು ನಿಮ್ಮ ಸೊಸೈಟಿಯ ಸೆಕ್ರೆಟರಿ, ಇವರು ಪಾರ್ಟು ಮಾಡುವವರು, ಇದು ನಾನು. ಕೊನೆಗೆ ಕೆಳಗಿನ ಮೂಲೆಗೆ ಬಂದೆ. ಅಲ್ಲಿ ಮೂಲವ್ಯಾಧಿಗೆ ಖಾತ್ರಿ ಔಷಧ ಎಂಬ ಸಣ್ಣ ಜಾಹೀರಾತಿತ್ತು.

"ನೋಡು, ಇಡೀ ಪುಟದಲ್ಲಿ ನಿನ್ನ ನಾಟಕಕ್ಕೆ ಸಂಬಂಧ ಇಲ್ಲದ್ದು ಅಂತ ಇದ್ದರೆ ಇದೊಂದೇ."

ಅಳಿಯ ಬಗ್ಗಿ ನೋಡಿದ. "ಇಲ್ ಮಾವ. ಈ ಡಾಕ್ಟ್ರು ನಮ್ಮ ನಾಟಕಕ್ಕ ತಬಲಾ ಬಾರಸ್ತಾರ."

ಲಿಂಗಸುಗೂರಿನ ವಿಮರ್ಶಕರು

ಇವರನ್ನು ಅವರಷ್ಟಕ್ಕೆ ಬಿಟ್ಟರೆ ಆಗದು ಎಂದು ನಾನೇ ಸೊಂಟ ಕಟ್ಟಿದೆ. ಲಿಂಗಸುಗೂರಿನಲ್ಲಿ ಒಬ್ಬ ನಿವೃತ್ತ ಹೆಡ್‌ಮಾಸ್ತರರಿದ್ದಾರೆ. ಪತ್ರಿಕೆಗಳಿಗೆ ವಿಮರ್ಶೆ ಬರೆಯುತ್ತಾರೆ. ಇದುವರೆಗೆ ಅವರಿಗೆ ಯಾವ ಕೃತಿಯೂ ಹಿಡಿಸಿಲ್ಲ ಎಂದು ಖ್ಯಾತಿ. ಇಂಥವರು ಬೈದು ಬರೆದರೂ ಅದು ಆಧಾರವೇ. ಅವರು ಬೈದರೆ ಸಾಕು, ಅಳಿಯನ ನಾಟಕ ಉಳಿಯುತ್ತದೆ ಎಂದು ಲೆಕ್ಕ ಹಾಕಿ ಅವನನ್ನು ಕರೆದುಕೊಂಡು ಬಸ್ ಹತ್ತಿದೆ.

ದಾರಿಯುದ್ದಕ್ಕೂ ಅವನಿಗೆ ತಾಕೀತು ಮಾಡಿದೆ. ಪರಿಚಯ ಮಾಡಿಕೊಳ್ಳಬೇಡ. ಊರಿನ ಹೆಸರು ಹೇಳಬೇಡ. ಮನೆತನದ ಸುದ್ದಿ ಬೇಡ. ಅವನು ಎಲ್ಲದಕ್ಕೂ ಹೂಂ ಎಂದ.

ಮಾಸ್ತರರು ಒಳ್ಳೆಯ ಕಟುವಾದ ಮನುಷ್ಯ. ಬಾಗಿಲಲ್ಲೇ "ಈಗಿನ ನಾಟಕ ನೋಡೋದು ಅಂದ್ರ ಕಣ್ಣಿಗೆ ಖಾರ ಹಾಕ್ಕೊಂಡಂಗ" ಎಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಅವರ ಕೈ ಹಿಡಿದುಕೊಂಡುಬಿಟ್ಟೆ.

ಅಷ್ಟರಲ್ಲಿ ಅವರ ಹೆಂಡತಿ ಚಹಾ ತಂದರು. ತಟ್ಟೆ ಇಟ್ಟು, ಕಂಬಕ್ಕೆ ಒರಗಿ ನಿಂತು, ನಮ್ಮ ಕಡೆ ಯಾರೂ ಕೇಳದೆ ಬಿಡದ ಪ್ರಶ್ನೆಯನ್ನು ಕೇಳಿದರು. "ಯಾರ ಪೈಕಿ ನೀವು?"

ಅಳಿಯನ ಕಡೆ ಕಣ್ಣು ಬಿಟ್ಟೆ. ಅವನು ತುಟಿ ಬಿಗಿಹಿಡಿದು ಕೂತ. ಆದರೆ ಪ್ರಶ್ನೆ ಬಂದದ್ದು ನನ್ನ ಕಡೆಗೆ. ಹಿರಿಯ ಹೆಣ್ಣುಮಗಳು ಕೇಳಿದಾಗ ಸುಮ್ಮನಿರಲು ಆಗುತ್ತದೆಯೇ? ನಮ್ಮವ್ವನ ತವರು ಮುದಗಲ್ಲು ಎಂದೆ.

"ಮುದಗಲ್ಲಿನ್ಯಾಗ ಯಾರ ಮನಿ?"

ಹೇಳಿದೆ.

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಯಪ್ಪಾ, ನೀ ನಮ್ಮ ದೊಡ್ಡವ್ವನ ಮೊಮ್ಮಗನಲ್ಲೋ. ಸಣ್ಣಾಂವ ಇದ್ದಾಗ ನಮ್ಮ ಮನಿ ಹಾಸಿಗಿ ಹಾಳ ಮಾಡಿದಾಂವ ನೀನ."

ಎರಡನೇ ಚಹಾ ಬರುವ ಹೊತ್ತಿಗೆ ವಿಮರ್ಶಕರು ನನಗೆ ಕಾಕಾ ಆಗಿದ್ದರು. ನಾಟಕ ಬರೆದದ್ದು ನನ್ನ ಹೆಂಡತಿಯ ತಮ್ಮ ಎಂದು ತಿಳಿದ ಮೇಲಂತೂ ಅವರ ಕಟುತನ ಕರಗಿ ನೀರಾಯಿತು. "ನಮ್ಮ ಹುಡುಗ ಬರದಾನಂದ್ರ ಭಾಳ ಚಲೋ ಇರ್ತೈತಿ ಬಿಡು. ನೋಡೋದ ಬ್ಯಾಡ, ಹಂಗ ಹೊಗಳಿ ಬರೀತೀನಿ" ಎಂದರು. ಬೇಡಿ ಕಾಕಾ ಎಂದು ಕೈ ಮುಗಿದೆ.

ಸಂಬಂಧವಿಲ್ಲದ ಒಬ್ಬರನ್ನು ಹುಡುಕಿಕೊಂಡು ಹೋಗಿದ್ದೆ. ಸಂಜೆ ಬಸ್ಸಿನಲ್ಲಿ ಮರಳುವಾಗ ನನ್ನ ತೊಡೆಯ ಮೇಲೆ ನನ್ನ ಹೆಂಡತಿಗೆಂದು ಮಾಸ್ತರರ ಮನೆಯಾಕೆ, ಅಂದರೆ ಈಗ ನನ್ನ ಕಾಕು, ಕೊಟ್ಟ ಕುಬಸದ ಅರಿವೆ, ಅವರ ಮಗಳ ಮದುವೆಯ ಲಗ್ನಪತ್ರಿಕೆ ಇದ್ದವು. ಅಳಿಯ ಕಿಟಕಿಯ ಕಡೆ ನೋಡುತ್ತ ಹೇಳಿದ. "ನಾ ಏನೂ ಮಾತಾಡಿಲ್ಲ ನೋಡ್ರಿ ಮಾವ."

ಇದು ಮತದಾನವಲ್ಲ

ಅಷ್ಟರಲ್ಲಿ ಅಳಿಯನ ಊರಿನ ಕಂಪ್ಯೂಟರ್ ಬಲ್ಲವರೊಬ್ಬರು ನಾಟಕದ ಬಗ್ಗೆ ವಿಶ್ವಕೋಶದಲ್ಲಿ ಪುಟ ಬರೆದೇಬಿಟ್ಟರು. "ಮೂರು ಲೋಕದಲ್ಲಿ ಇಂಥ ನಾಟಕ ಮತ್ತೊಂದಿಲ್ಲ" ಎಂದು ಅದರ ಮೊದಲ ಸಾಲು. ಪಕ್ಷಪಾತ ಮಾಡುವವನಲ್ಲ ಎಂದು ತೋರಿಸಿಕೊಳ್ಳುವ ಹುರುಪಿನಲ್ಲಿ "ಆಧಾರ ಸಾಲದು, ಅಳಿಸಬೇಕು" ಎಂದು ಮೊದಲ ಸೂಚನೆ ಹಾಕಿದವನು ನಾನೇ. ಹಾಕಿ, ಕನ್ನಡಿಯಲ್ಲಿ ಮುಖ ನೋಡಿಕೊಂಡೆ. ಸತ್ಯಸಂಧನ ಮುಖ ಹೀಗೇ ಇರುತ್ತದೆ ಅನ್ನಿಸಿತು.

ಮರುದಿನ ಚರ್ಚೆಯ ಪುಟ ತೆರೆದರೆ ಇಡೀ ಊರೇ ಅಲ್ಲಿ ನೆರೆದಿತ್ತು. "ಬೇಕು." "ಬೇಕೇ ಬೇಕು." "ಇರ್ಲಿ ಬಿಡ್ರಿ, ಅಳಿಸಿ ಏನ್ ಮಾಡ್ತೀರಿ." "ನಮ್ಮ ಮನ್ಯಾಗಿನ ಎಲ್ಲಾರದೂ ಬೇಕು." ಒಬ್ಬರು ಬತ್ತಿದ ಕಾಲುವೆಯ ಫೋಟೋ ಹಾಕಿ, ಮೊದಲು ನೀರು ಬಿಡಿಸಿ ಎಂದಿದ್ದರು.

ನಾನು ಘನತೆಯಿಂದ ಬರೆದೆ: "ಮಾನ್ಯರೇ, ಇದು ಮತದಾನವಲ್ಲ. ಇಲ್ಲಿ ಎಷ್ಟು ಜನ ಎನ್ನುವುದು ಮುಖ್ಯವಲ್ಲ."

ಕೂಡಲೇ ಉತ್ತರ ಬಂತು: "ಹಂಗಾರ ನೀವ್ಯಾಕ ಮೊದಲ ಓಟು ಹಾಕೀರಿ?"

ಅದಕ್ಕೆ ಸಮಾಧಾನ ಹುಡುಕುತ್ತಿರುವಾಗ ಅದರ ಕೆಳಗೆ ಇನ್ನೊಂದು ಬಂತು. ಬರೆದವರ ಹೆಸರಿರಲಿಲ್ಲ. "ಇರ್ಲಿ. ಇದನ್ನ ಅಳಸಾಕ ನಿಂತಾರಲ್ಲ, ಅವರು ಉಣ್ಣೋದು ಇದ ನಾಟಕದವರ ಅಕ್ಕಿ. ದಿನಾ ನೀಡಾಕಿ ನಾನ, ನಾನ ಸಾಕ್ಷಿ."

ಅಡಿಗೆಮನೆಯ ಕಡೆ ತಿರುಗಿ ನೋಡಿದೆ. ಹೆಂಡತಿ ಮೊಬೈಲು ಕೆಳಗಿಟ್ಟು ನಿಧಾನವಾಗಿ ಸೌತೆಕಾಯಿ ಹೆಚ್ಚತೊಡಗಿದಳು.

ಮಂಗಳೂರಿನ ಗೆಳೆಯರು ಅಪ್ಪಟ ಸಜ್ಜನರು. ಅವರು ಬರೆದರು: "ಅಕ್ಕಿಯ ವಿಷಯ ಹೌದೇ? ಹೌದಾದರೆ ತಾವು ಈ ಚರ್ಚೆಯಿಂದ ದೂರ ಉಳಿಯುವುದು ಒಳ್ಳೆಯದು. ತೀರ್ಮಾನ ನಾನು ಮಾಡುತ್ತೇನೆ. ಯಾವುದಾದರೂ ದಿನಪತ್ರಿಕೆ ತಾನಾಗಿ ಈ ನಾಟಕದ ಬಗ್ಗೆ ಬರೆದರೆ ಉಳಿಸೋಣ. ಈ ತಿಂಗಳ ಕೊನೆಯವರೆಗೆ ಕಾಯೋಣ."

ನಾನು ಪ್ರಾಮಾಣಿಕವಾಗಿ ಉತ್ತರಿಸಿದೆ: "ಹೌದು. ಸೋನಾ ಮಸೂರಿ. ಆದರೆ ಅದು ನನ್ನ ಹೊಟ್ಟೆಯ ಮೇಲೆ ಪ್ರಭಾವ ಬೀರಿದೆಯೇ ಹೊರತು ತೀರ್ಮಾನದ ಮೇಲಲ್ಲ."

ಸತ್ತವಳು ಎದ್ದದ್ದು

ನಾಟಕದ ದಿನ ಹೆಂಡತಿ ಎಳೆದುಕೊಂಡು ಹೋದಳು. ಹೋಗುವುದಾದರೆ ಕೇವಲ ಪ್ರೇಕ್ಷಕನಾಗಿ ಎಂದು ಶರತ್ತು ಹಾಕಿದ್ದೆ. ಮುಂದಿನ ಸಾಲಿನ ಕುರ್ಚಿ ಒಲ್ಲೆ ಎಂದು ಹಿಂದೆ, ಟ್ರ್ಯಾಕ್ಟರ್ ಟ್ರಾಲಿಯ ಪಕ್ಕದಲ್ಲಿ, ನನ್ನದೇ ಟವಲು ಹಾಸಿಕೊಂಡು ಕೂತೆ. ಅವರ ಚಹಾ ಮುಟ್ಟಲಿಲ್ಲ. ಕೊಟ್ಟ ಮಿರ್ಚಿ ಭಜಿ ಮಾತ್ರ ತಿಂದೆ, ಅದು ಬಿಸಿ ಇತ್ತು.

ಪರದೆ ಎದ್ದ ಮೇಲೆ ನನಗೆ ಗೊತ್ತಾದದ್ದು, ನಾಟಕ ಚೆನ್ನಾಗಿದೆ. ನೀರುಗಳ್ಳ ಸಾಹುಕಾರ ತೂಬು ಎತ್ತಿಸುವ ದೃಶ್ಯಕ್ಕೆ ಜನ ಹಲ್ಲು ಕಡಿದರು. ಹೀರೋಯಿನ್ ಬತ್ತಿದ ಗದ್ದೆಯಲ್ಲಿ ಪ್ರಾಣ ಬಿಡುವಾಗ ನನ್ನ ಪಕ್ಕದವರು ಬಿಕ್ಕಿದರು. ನಾನೂ ಒಂದು ತಟಕು ಕಣ್ಣೀರು ಹಾಕಿದೆ, ಯಾರಿಗೂ ಕಾಣದ ಹಾಗೆ.

ಆಗಲೇ ಮೈಕು ಬಂತು. ನಮ್ಮ ಕಡೆಯ ನಾಟಕಗಳಲ್ಲಿ ಆಯೇರು ಎಂಬ ಪದ್ಧತಿ ಇದೆ. ಕಲಾವಿದರಿಗೋ ಬಂದ ಅತಿಥಿಗಳಿಗೋ ಟವಲು, ಶಾಲು ಹೊದಿಸಬೇಕೆಂದರೆ ಆಟವನ್ನು ಅಲ್ಲಿಗೇ ನಿಲ್ಲಿಸಿ ಹೊದಿಸುತ್ತಾರೆ. ಸತ್ತವರು ಸತ್ತ ಹಾಗೇ ಮಲಗಿರಬೇಕು, ಅಳುವವರು ಬಾಯಿ ತೆರೆದ ಹಾಗೇ ನಿಂತಿರಬೇಕು.

"ನಮ್ಮ ನಾಟಕವನ್ನು ವಿಶ್ವಕೋಶದಾಗ ಸೇರಿಸಾಕಂತ ಸಿಂಧನೂರಿನಿಂದ ದಯಮಾಡಿಸಿದ ನಮ್ಮೂರ ಅಳಿಯಂದಿರು ವೇದಿಕೆಗೆ ಬರಬೇಕು."

ಊರಿನ ಮಗಳ ಗಂಡ ಇಡೀ ಊರಿಗೇ ಅಳಿಯ. ಇಬ್ಬರು ಬಂದು ರೆಟ್ಟೆ ಹಿಡಿದು ಎಬ್ಬಿಸಿದರು. ವೇದಿಕೆಯ ಮೇಲೆ ಟವಲು ಹೊದಿಸಲು ಬಂದರು. ಸನ್ಮಾನ ತೆಗೆದುಕೊಂಡರೆ ನನ್ನ ತಟಸ್ಥತೆ ಏನಾಗಬೇಕು? ಒಲ್ಲೆ ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಶಾಲು ತಂದರು. ಒಲ್ಲೆ ಎಂದೆ. "ಅಳಿಯಂದಿರು ಸಿಟ್ಟಾಗ್ಯಾರ" ಎಂದು ಯಾರೋ ಪಿಸುಗುಟ್ಟಿದರು. ಒಬ್ಬರು ಓಡಿಹೋಗಿ ತಮ್ಮ ಮನೆಯ ಮದುವೆಗೆ ತಂದಿದ್ದ ರೇಷ್ಮೆ ರುಮಾಲು ತಂದರು. ನಾನು ಕೈಯಡ್ಡ ಹಿಡಿದು, ವಿಶ್ವಕೋಶದ ನಿಯಮವನ್ನು ಮೈಕಿನಲ್ಲಿ ವಿವರಿಸಲು ಶುರು ಮಾಡಿದೆ.

ನನ್ನ ಕಾಲ ಹತ್ತಿರ ಸತ್ತು ಮಲಗಿದ್ದ ಹೀರೋಯಿನ್ ಕಣ್ಣು ತೆರೆದು, ಒಂದು ಮೊಣಕೈ ಮೇಲೆ ಎದ್ದಳು. "ಜಲ್ದಿ ತಗೋರಿ ಸರ," ಎಂದಳು. "ಸತ್ತು ಸತ್ತು ಬೆನ್ನು ನೋಯಾಕತ್ತೈತಿ."

ತೀರ್ಪು

ರುಮಾಲು ಸುತ್ತಿಸಿಕೊಂಡೇ ಇಳಿದೆ. ಇದಕ್ಕಿಂತ ಹೆಚ್ಚಿನದೇನೂ ಆಗಲಾರದು ಎಂದುಕೊಂಡೆ.

ನಾಟಕದ ಕೊನೆಗೆ ಕೋರ್ಟು ದೃಶ್ಯ. ಅದು ಬರುವ ಹೊತ್ತಿಗೆ ಯಾವಾಗಲೂ ಬೆಳಕು ಹರಿದಿರುತ್ತದೆ, ಮಲಗಿದ್ದವರೂ ಎದ್ದು ಮುಖ ಒರೆಸಿಕೊಂಡು ಕೂರುತ್ತಾರೆ. ನೀರುಗಳ್ಳನಿಗೆ ಜೀವಾವಧಿ ಶಿಕ್ಷೆಯಾಗುವುದನ್ನು ನೋಡದೆ ಆ ಊರಲ್ಲಿ ಯಾರೂ ಮನೆಗೆ ಹೋಗುವುದಿಲ್ಲ. ಆದರೆ ಜಡ್ಜ್ ಪಾರ್ಟಿನವರ ಎಮ್ಮೆ ಈಯತೊಡಗಿದೆ ಎಂದು ಸುದ್ದಿ ಬಂದು ಅವರು ಮನೆಗೆ ಓಡಿದ್ದರು.

ಅಳಿಯ ಮುಖದ ಬಣ್ಣದಲ್ಲೇ ನನ್ನ ಹತ್ತಿರ ಬಂದ. "ಮಾವ, ನೀವ ಕುಂದ್ರಬೇಕು. ಒಂದ ಮಾತೈತಿ. 'ಈ ನೀರುಗಳ್ಳನಿಗೆ ಜೀವಾವಧಿ ಶಿಕ್ಷೆ' ಅನ್ರಿ, ಪರದೆ ಬೀಳ್ತೈತಿ. ಇದ ಕಡೀ ನಾಟಕ ಆದ್ರೂ ಆತು, ಅರ್ಧಕ್ಕ ನಿಲ್ಲಬಾರ್ದು."

ಆ ಮುಖ ನೋಡಿ ಇಲ್ಲ ಎನ್ನಲು ಆಗಲಿಲ್ಲ. ಕರಿಕೋಟು ತೊಟ್ಟು ಎತ್ತರದ ಕುರ್ಚಿಯಲ್ಲಿ ಕೂತೆ. ಒಂದು ಮಾತು ತಾನೆ ಎಂದು ಮನಸ್ಸಿನಲ್ಲಿ ಉರುಹೊಡೆದೆ.

ಅಳಿಯ ವಾದ ಮಂಡಿಸಿದ. ಏನು ಮಾತು, ಏನು ದನಿ. ಕಟಕಟೆಯಲ್ಲಿದ್ದ ಸಾಹುಕಾರನ ಕಡೆ ಬೆರಳು ಚಾಚಿ, "ಸ್ವಾಮಿ, ಈತ ನೀರು ಕದ್ದದ್ದನ್ನು ಇಡೀ ಊರೇ ಕಂಡಿದೆ. ಊರೇ ಸಾಕ್ಷಿ" ಎಂದು ನಿಲ್ಲಿಸಿದ. ಎಲ್ಲರೂ ನನ್ನತ್ತ ನೋಡಿದರು.

ರಾತ್ರಿಯಿಡೀ ನಿದ್ದೆ ಇಲ್ಲ. ಎದುರಿಗೆ ಒಬ್ಬ ಊರೇ ಸಾಕ್ಷಿ ಎನ್ನುತ್ತಿದ್ದಾನೆ. ಇಷ್ಟು ವರ್ಷ ಪ್ಯಾಂಟು ಹಾಕಿಕೊಂಡು ಟೈಪು ಮಾಡಿದ ಮಾತು ತಾನಾಗಿ ಬಾಯಿಗೆ ಬಂತು.

"ಊರವರೆಲ್ಲ ಈ ವಿಷಯಕ್ಕೆ ಸಂಬಂಧಪಟ್ಟವರು. ಸಂಬಂಧವಿಲ್ಲದವರ ಒಂದು ಆಧಾರವೂ ಇಲ್ಲಿಲ್ಲ. ಆದ್ದರಿಂದ ಆರೋಪಿಯನ್ನು ಬಿಡುಗಡೆ ಮಾಡಲಾಗಿದೆ."

ತಬಲಾ ನಿಂತಿತು. ಜನರ ನಡುವೆ ಒಬ್ಬರು ಎದ್ದು ನಿಂತರು, ಆಮೇಲೆ ಒಂದು ಸಾಲು, ಆಮೇಲೆ ಎಲ್ಲರೂ. ಕೆಲವರು ಬಗ್ಗಿ ಕಾಲಿನ ಚಪ್ಪಲಿಗೆ ಕೈ ಹಾಕಿದ್ದು ಕಾಣಿಸಿತು. ಸಾಹುಕಾರನ ಪಾರ್ಟಿನವರು ನಿಜದಲ್ಲೂ ಕಾಲುವೆಯ ಮೇಲಿನ ಊರಿನವರು. ಅವರಿಗೆ ನನಗಿಂತ ಮೊದಲು ವಿಷಯ ತಿಳಿಯಿತು. ಕಟಕಟೆಯಿಂದ ಜಿಗಿದು ಬಂದು ನನ್ನ ಕಾಲು ಹಿಡಿದುಕೊಂಡರು.

"ಸಾಹೇಬ್ರ, ಹಂಗನಬ್ಯಾಡ್ರಿ. ನಾ ಕದ್ದೀನಿ, ಖರೆ ಕದ್ದೀನಿ. ಒಳಗ ಹಾಕ್ರಿ. ಇವರು ನನ್ನ ಮನೀತನಕ ಹೋಗಗೊಡಾಂಗಿಲ್ಲ."

ಆಗಲಾದರೂ ಶಿಕ್ಷೆ ಕೊಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಒಮ್ಮೆ ನಿಯಮಕ್ಕೆ ಕೂತ ಮೇಲೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. "ವ್ಯಕ್ತಿ ತನ್ನ ಬಗ್ಗೆ ತಾನೇ ಹೇಳಿಕೊಂಡದ್ದನ್ನು ಆಧಾರ ಎಂದು ಒಪ್ಪಲಾಗದು" ಎಂದುಬಿಟ್ಟೆ.

ಮುಂದಿನದು ನನಗೆ ಪರದೆಯ ಹಿಂದಿನಿಂದ ಕೇಳಿಸಿದ್ದು. ಅಲ್ಲಿಗೆ ನನ್ನನ್ನು ಎಳೆದುಕೊಂಡು ಹೋದದ್ದು ಪೊಲೀಸಿನ ಪಾರ್ಟಿನವರು ಮತ್ತು ಸತ್ತ ಹೀರೋಯಿನ್. ಕುರ್ಚಿ ಬಿದ್ದವು. ತೀರ್ಪು ವಾಪಸ್ ತೆಗೆದುಕೊಳ್ಳುವ ತನಕ ಬಿಡುವುದಿಲ್ಲ ಎಂದು ಜನ ಹೋಗಿ ರಾಯಚೂರು ರಸ್ತೆಯ ಮೇಲೆ ಕೂತರು. ಬಸ್ಸು, ಹಾಲಿನ ಗಾಡಿ, ಭತ್ತದ ಲಾರಿ ಸಾಲುಗಟ್ಟಿದವು. ಕೊನೆಗೆ ಅಳಿಯ ರಸ್ತೆಯ ನಡುವೆ ನಿಂತು ಕೈ ಮುಗಿದು ಕೂಗಿ ಹೇಳಿದ. "ಹೋಗ್ಲಿ ಬಿಡ್ರಪಾ. ನಮ್ಮ ಮಾವ ಒಂದೀಟು ಕುಡದಾನ."

"ಅಯ್ಯ, ಮೊದಲ ಹೇಳಬಾರ್ದಾ" ಎಂದು ಜನ ಎದ್ದು ಮನೆಗೆ ಹೋದರು.

ತಡೆದು ನಿಂತ ಬಸ್ಸಿನಲ್ಲಿ ದಿನಪತ್ರಿಕೆಯ ವರದಿಗಾರರೊಬ್ಬರಿದ್ದರು. ಬೀದರ್ ಕಡೆಯವರು, ಹೊಸದಾಗಿ ಬಂದವರು, ನಮ್ಮ ಸೀಮೆಯಲ್ಲಿ ಯಾರ ಪೈಕಿಯೂ ಅಲ್ಲ. ಮರುದಿನ ಅವರ ಪತ್ರಿಕೆಯಲ್ಲಿ "ನಾಟಕದ ತೀರ್ಪು ಖಂಡಿಸಿ ರೈತರ ರಸ್ತೆ ತಡೆ" ಎಂದು ನಾಲ್ಕು ಕಾಲಂ ಬಂತು. ನಾಟಕದ ಪೂರ್ತಿ ಹೆಸರು, ಅಳಿಯನ ಹೆಸರು, ಕಾಲುವೆ ಕೊನೆಯವರ ಗೋಳು, ಪ್ರತಿ ವರ್ಷ ನಡೆದುಬಂದ ಆಟ, ಎಲ್ಲವೂ ಇತ್ತು. ಕೊನೆಯ ಸಾಲು: "ನ್ಯಾಯಾಧೀಶರ ಪಾತ್ರ ಮಾಡಿದ್ದ ಸಿಂಧನೂರಿನ ಉಪನ್ಯಾಸಕರು ಪಾನಮತ್ತರಾಗಿದ್ದರು ಎಂದು ಗ್ರಾಮಸ್ಥರು ತಿಳಿಸಿದ್ದಾರೆ."

ಮಂಗಳೂರಿನ ಗೆಳೆಯರು ಅಂದೇ ಬರೆದರು: "ಒಳ್ಳೆಯ ಆಧಾರ ಸಿಕ್ಕಿದೆ. ಪುಟ ಉಳಿಯುತ್ತದೆ." ಮೂರು ಲೋಕದ ಸಾಲನ್ನು ತೆಗೆದು, ವರದಿಯಲ್ಲಿದ್ದದ್ದನ್ನೆಲ್ಲ ಶ್ರದ್ಧೆಯಿಂದ ಸೇರಿಸಿದರು. ಕೊನೆಯ ಸಾಲನ್ನೂ.

ನಾನು ಚಹಾಕ್ಕಿಂತ ಗಟ್ಟಿಯಾದದ್ದನ್ನು ಕುಡಿದವನಲ್ಲ. ಕಾಲೇಜಿನಲ್ಲಿ ಪ್ರಿನ್ಸಿಪಾಲರು ನನ್ನ ಹೆಗಲ ಮೇಲೆ ಕೈಯಿಟ್ಟು, ಮನೆಯಲ್ಲೇನಾದರೂ ತೊಂದರೆ ಇದೆಯೇ ಎಂದು ಮೆಲ್ಲಗೆ ಕೇಳಿದರು. ವಿದ್ಯಾರ್ಥಿಗಳು ಮೊದಲ ಸಲ ನನ್ನ ಪಾಠವನ್ನು ಕಣ್ಣು ಮಿಟುಕಿಸದೆ ಕೇಳಿದರು. ತಡೆಯಲಾರದೆ ಮಂಗಳೂರಿಗೆ ಬರೆದೆ: "ಆ ಸಾಲು ತೆಗೆಯಿರಿ. ಆ ಉಪನ್ಯಾಸಕ ನಾನೇ. ನಾನು ಕುಡಿದಿರಲಿಲ್ಲ."

ಅವರ ಉತ್ತರ ಎಂದಿನಂತೆ ಸೌಜನ್ಯದಿಂದ ಕೂಡಿತ್ತು: "ನಿಮ್ಮ ಮಾತನ್ನು ನಾನು ನಂಬುತ್ತೇನೆ. ಆದರೆ ನೀವು ಕುಡಿದಿರಲಿಲ್ಲ ಎಂದು ನಿಮಗೆ ಸಂಬಂಧವಿಲ್ಲದವರು ಎಲ್ಲಿಯಾದರೂ ಬರೆದಿದ್ದಾರೆಯೇ?"

ಹಾಗಾದರೆ ಪತ್ರಿಕೆಯವರಿಂದಲೇ ವರದಿ ತಪ್ಪು ಎಂದು ಬರೆಸುತ್ತೇನೆ ಎಂದು ಅಂಗಿ ತೊಟ್ಟು ಹೊರಟೆ. ಬಾಗಿಲಲ್ಲಿ ಅಳಿಯ ನಿಂತಿದ್ದ. ಹಿರಿಯರು ಪುಟ ನೋಡಿದರಂತೆ. ರಸಮಂಜರಿ ರದ್ದು, ಪ್ರತಿ ವರ್ಷ ನಾಟಕ ಎಂದು ಫೈಸಲಾ ಆಯಿತಂತೆ. ಅದನ್ನು ಹೇಳುವಾಗ ಅವನ ಕಣ್ಣು ಒದ್ದೆಯಾಗಿದ್ದವು. ನಾನು ಎಲ್ಲಿಗೆ ಹೊರಟಿದ್ದೇನೆ ಎಂದು ತಿಳಿದ ಮೇಲೆ ಅವನು ಹೊಸ್ತಿಲ ಮೇಲೆ ಕೂತುಬಿಟ್ಟ.

"ಮಾವ, ಪತ್ರಿಕ್ಯಾಗ ಬಂದಿದ್ದು ಸುಳ್ಳು ಅಂತಾದ್ರ ಆಧಾರನೂ ಸುಳ್ಳಾಕೈತಿ. ಆಧಾರ ಹೋದ್ರ ಪುಟ ಹೋಕ್ಕೈತಿ, ಪುಟ ಹೋದ್ರ ನನ್ನ ನಾಟಕ ಹೋಕ್ಕೈತಿ. ನೀವ ಕಲಿಸಿದ್ದಲ್ರಿ ಇದು." ನನ್ನ ಅಂಗಿಯ ತುದಿ ಹಿಡಿದು ಹೇಳಿದ. "ಒಂದೀಟು ಕುಡದಿದ್ರಿ ಅಂತ ಇರ್ಲಿ ಬಿಡ್ರಿ."

ನಿಯಮ ಅವನ ಕಡೆಗಿತ್ತು. ಹೆಂಡತಿಯ ಮುಖ ನೋಡಿದೆ. ಆಕೆಯೂ ಅವನ ಕಡೆಗಿದ್ದಳು. ಒಳಗೆ ಹೋಗಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದೆ.

ತೀರ್ಪು ಕೊಟ್ಟ ಆ ದಿನ ಬೆಳಿಗ್ಗೆ ನಾನು ಕುಡಿದಿದ್ದೆ. ಆಧಾರವಿದೆ.